ಅಂಚಿನಿಂದ ತೆಗೆದ ತುಣುಕು

ತಿಯೊಪಿಸ್ತ ನಾಕಫೀರೊಳ ಕೈ ನಡುಗಿದ್ದನ್ನು ಮಸಾಕ ಪಟ್ಟಣದ ದಾರಿಯ ಆ ಗುಡ್ಡದಲ್ಲಿ ಕಂಡವರಿರಲಿಲ್ಲ. ಅವಳು ತೊಗಟೆಬಟ್ಟೆ ಬಡಿಯುವ ಮನೆತನದಲ್ಲಿ ಹುಟ್ಟಿದವಳು. ಹಸಿ ತೊಗಟೆಯನ್ನು ಹರಿಯದಂತೆ, ತೂತು ಬೀಳದಂತೆ, ಏಟಿಗೆ ಏಟು ಸೇರಿಸಿ ಕಂಬಳಿಯಷ್ಟು ಅಗಲಕ್ಕೆ ಹಿಗ್ಗಿಸುವ ಹದ ತಂದೆಯದು. ಆ ಕೆಲಸ ಗಂಡಸರದಾದ್ದರಿಂದ ಮಗಳಿಗೆ ಕೊಡತಿ ದಕ್ಕಲಿಲ್ಲ, ಹದ ಮಾತ್ರ ರಕ್ತದಲ್ಲಿ ಇಳಿದು ಬಂದಿತು. ಮಿಷನ್ ಆಸ್ಪತ್ರೆಯ ಸಿಸ್ಟರುಗಳು ಮೊದಲು ಅವಳಿಗೆ ಸೀಸೆ ತೊಳೆಯುವ ಕೆಲಸ ಕೊಟ್ಟರು. ವರ್ಷ ಕಳೆಯುವುದರೊಳಗೆ ಅವಳು ಸೂಕ್ಷ್ಮದರ್ಶಕದ ಪರೀಕ್ಷೆಗಾಗಿ ಮೇಣದಲ್ಲಿ ಹುದುಗಿಸಿದ ರೋಗಿಯ ಮಾಂಸದ ತುಣುಕನ್ನು ಈರುಳ್ಳಿಯ ಪೊರೆಗಿಂತ ತೆಳ್ಳಗೆ ಸವರಿ, ಬೆಚ್ಚನೆಯ ನೀರಿನ ಮೇಲೆ ತೇಲಿಸಿ, ಸುಕ್ಕು ಬೀಳದ ಹಾಗೆ ಗಾಜಿಗೆ ಹತ್ತಿಸುವುದನ್ನು ಕಲಿತಿದ್ದಳು. ನೇರಳೆ ಬಣ್ಣವನ್ನೂ ಗುಲಾಬಿ ಬಣ್ಣವನ್ನೂ ಹಾಕಿ ಆ ಪೊರೆಯನ್ನು ಬೆಳಕಿಗೆ ಹಿಡಿದರೆ ಚರ್ಚಿನ ಬಣ್ಣದ ಗಾಜಿನ ಕಿಟಕಿಯ ಹಾಗೆ ಕಾಣುತ್ತಿತ್ತು.

ಅವಳಿಗೆ ಒಂದು ದೌರ್ಬಲ್ಯವಿತ್ತು, ಅದನ್ನು ಮುಚ್ಚಿಡುವುದು ಸಲ್ಲ. ಆ ಗುಡ್ಡದ ಜನ ಆಸ್ಪತ್ರೆಯಲ್ಲಿ ಬಿಳಿಯ ಅಂಗಿ ತೊಟ್ಟವರನ್ನೆಲ್ಲ ಮುಸಾವೊ ಎಂದು ಕರೆಯುತ್ತಾರೆ, ವೈದ್ಯ ಎಂಬಷ್ಟೇ ಗೌರವದ ಮಾತು ಅದು. ಯಾರಾದರೂ ಹಿಂದಿನಿಂದ ಹಾಗೆ ಕೂಗಿದರೆ ತಿಯೊಪಿಸ್ತ ಕೂಡಲೇ ತಿರುಗುತ್ತಿರಲಿಲ್ಲ. ಇನ್ನೊಮ್ಮೆ ಕೂಗಲಿ ಎಂದು ಕಾಯುತ್ತಿದ್ದಳು.

ಡಾಕ್ಟರ್ ಕಿಯಿಂಬ ಆ ಆಸ್ಪತ್ರೆಗೆ ಬಂದದ್ದು ಮಲೇರಿಯಾದ ಒಂದು ಹೊಸ ಮಾತ್ರೆಯನ್ನು ಪರೀಕ್ಷಿಸುವುದಕ್ಕಾಗಿ. ಬಸುರಿಯ ಮೈಯ ಮಲೇರಿಯಾ ಹೆರಿಗೆಯಲ್ಲಿ ಮಗುವಿನ ಹಿಂದೆಯೇ ಹೊರಬೀಳುವ ಮಾಸಿನಲ್ಲಿ ಅಡಗಿ ಕುಳಿತು, ತಾಯಿಯ ರಕ್ತದಿಂದ ಮಗುವಿಗೆ ಉಣಿಸುವ ನವಿರಾದ ಬೆರಳುಗಳನ್ನು ಒಂದೊಂದಾಗಿ ಒಣಗಿಸುತ್ತದೆ. ಮಾತ್ರೆ ನುಂಗಿದವರ ಮಾಸು ಉಳಿಯಿತೋ ಇಲ್ಲವೋ ಎಂಬುದನ್ನು ತಿಳಿಯಬೇಕಾಗಿತ್ತು. ಹಿಂದಿನವರು ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟು, ಇದು ಚೆನ್ನಾಗಿದೆ, ಇದು ಕೆಟ್ಟಿದೆ ಎಂದು ಹೇಳಿ ಮುಗಿಸುತ್ತಿದ್ದರು. ಕಿಯಿಂಬನಿಗೆ ಕಣ್ಣಿನ ಮೇಲೆ ನಂಬಿಕೆಯಿರಲಿಲ್ಲ. ಕಣ್ಣಿಗೆ ಕರುಣೆಯುಂಟು, ಬೇಸರವುಂಟು, ನೆಂಟರಿಷ್ಟರುಂಟು, ಚುಕ್ಕಿಗೆ ಅದೊಂದೂ ಇಲ್ಲ ಎನ್ನುತ್ತಿದ್ದನು. ಅವನ ಕಂಪ್ಯೂಟರು ತಿಯೊಪಿಸ್ತ ತೆಗೆದ ಪ್ರತಿ ಚಿತ್ರದ ಮೇಲೂ ರಂಗೋಲಿಗೆ ಇಟ್ಟಂತೆ ಚುಕ್ಕಿಗಳ ಬಲೆಯನ್ನು ಹಾಸುತ್ತಿತ್ತು. ಬೆರಳುಗಳ ಮೇಲೆ ಬಿದ್ದ ಚುಕ್ಕಿ ಎಷ್ಟು, ರಕ್ತದ ಬಯಲಿನಲ್ಲಿ ಬಿದ್ದದ್ದೆಷ್ಟು, ಗಟ್ಟಿಗಟ್ಟಿದ ಕಲೆಯ ಮೇಲೆ ಬಿದ್ದದ್ದೆಷ್ಟು ಎಂದು ಎಣಿಸಿ, ಆ ಮಾಸಿನ ಕಟ್ಟಡ ಎಷ್ಟು ನಿಂತಿದೆ, ಎಷ್ಟು ಕುಸಿದಿದೆ ಎಂಬುದನ್ನು ಒಂದೇ ಸಂಖ್ಯೆಯಲ್ಲಿ ಹೇಳಿಬಿಡುತ್ತಿತ್ತು.

ಆ ಸಂಖ್ಯೆ ನಿಜವಾಗಬೇಕಾದರೆ ಒಂದು ಕಟ್ಟಳೆಯಿತ್ತು. ಇಡೀ ಮಾಸನ್ನು ಬ್ರೆಡ್ಡಿನ ಹಾಗೆ ಪಟ್ಟಿ ಪಟ್ಟಿಯಾಗಿ ಕೊಯ್ದು ಹರಡಬೇಕು. ಚುಕ್ಕಿಯಿಟ್ಟ ಪಾರದರ್ಶಕ ಹಾಳೆಯನ್ನು ಮೇಲೆ ಹಾಸಿ, ಚುಕ್ಕಿ ಎಲ್ಲಿ ಬಿತ್ತೋ ಅಲ್ಲಿಂದಲೇ ತುಣುಕು ತೆಗೆಯಬೇಕು. ಹಾಳೆಯನ್ನು ಎಲ್ಲಿಂದ ಹಾಸಲು ತೊಡಗಬೇಕೆಂಬುದನ್ನು ಕೂಡ ಚೀಟಿ ಎತ್ತಿ ನಿರ್ಣಯಿಸಬೇಕು. ಕಣ್ಣು ಆರಿಸಿತೋ, ಲೆಕ್ಕ ಸತ್ತಿತು. ತಿಯೊಪಿಸ್ತ ಇದನ್ನು ಅಚ್ಚುಕಟ್ಟಾಗಿ ಕಲಿತಳು. ಚೀಟಿ ಯಾಕೆ ಎಂದು ಅವಳು ಕೇಳಲಿಲ್ಲ, ಅವನೂ ಹೇಳಲಿಲ್ಲ.

ಆದರೆ ಆ ಸೀಮೆಯಲ್ಲಿ ಮಾಸೆಂದರೆ ಬಿಸಾಡುವ ವಸ್ತುವಲ್ಲ. ಅದು ಮಗುವಿನ ಅವಳಿ. ಮಗು ಕಣ್ಣು ಬಿಟ್ಟು ಬದುಕಲು ಬಂದದ್ದು, ಅವಳಿ ಕಣ್ಣು ಮುಚ್ಚಿ ಮಗುವನ್ನು ಕಾಯಲು ಬಂದದ್ದು, ಅದಕ್ಕೆ ಗಾಯವಾದರೆ ಮಗುವಿಗೆ ಕುಂದು. ಹೆಣ್ಣಾದರೆ ಅಡಿಗೆಬಾಳೆಯ ಬುಡದಲ್ಲಿ, ಗಂಡಾದರೆ ಹೆಂಡದ ಬಾಳೆಯ ಬುಡದಲ್ಲಿ ಅದನ್ನು ಹೂಳುತ್ತಾರೆ, ಗೊನೆ ಬಲಿಯುವ ತನಕ ಅಜ್ಜಿ ಆ ಗಿಡವನ್ನು ಕಾಯುತ್ತಾಳೆ. ಹೆತ್ತವರು ಆಸ್ಪತ್ರೆಯ ಕಾಗದಕ್ಕೆ ಹೆಬ್ಬೆಟ್ಟು ಒತ್ತುವಾಗ, ಸಣ್ಣ ತುಣುಕುಗಳನ್ನು ತೆಗೆಯುತ್ತೇವೆ ಎಂದು ಓದಿ ಹೇಳುತ್ತಿದ್ದದ್ದು ನಿಜ. ಕೊಯ್ದು ಹರಡುತ್ತೇವೆ ಎಂದು ಮಾತ್ರ ಯಾರೂ ಓದಲಿಲ್ಲ. ತಿಯೊಪಿಸ್ತ ಕೆಲಸವಾದ ಮೇಲೆ ಪಟ್ಟಿಗಳನ್ನು ಮತ್ತೆ ಒತ್ತಿ ಕೂಡಿಸಿ, ಬಾಳೆಲೆಯಲ್ಲಿ ಬಿಗಿಯಾಗಿ ಸುತ್ತಿ, ನಾರಿನಿಂದ ಕಟ್ಟಿ ಕೊಡುತ್ತಿದ್ದಳು. ಎಲೆ ಬಿಚ್ಚಿ ನೋಡುವುದು ಅವರಲ್ಲಿ ನಿಷಿದ್ಧ. ಆದ್ದರಿಂದ ಯಾರೂ ನೋಡಲಿಲ್ಲ.

ನೋಡದೆಯೇ ತಿಳಿದುಕೊಂಡವಳು ನಬವೇಸಿ. ಗುಡ್ಡದವರಿಗೆಲ್ಲ ಅವಳು ಜಜ್ಜಾ, ಎಂದರೆ ಅಜ್ಜಿ. ಬಸುರಿಯರಿಗಾಗಿ ಜೇಡಿಮಣ್ಣಿಗೆ ಸೊಪ್ಪು ತೊಗಟೆಗಳನ್ನು ಅರೆದು ಸೇರಿಸಿ, ಉದ್ದನೆಯ ಉಂಡೆಗಳಾಗಿ ಹೊಸೆದು ಒಣಗಿಸುವ ಮುಂಬ್ವ ಎಂಬ ಔಷಧವನ್ನು ಮಾಡುವುದು ಅವಳ ಕಸುಬು. ಮೊಮ್ಮಗಳಾದ ಪ್ರೊಸಿಯು ಕಿಸಾಕ್ಯೆ ಎಂಬ ಹೆಣ್ಣುಮಗುವನ್ನು ಹೆತ್ತ ದಿನ ಮುದುಕಿ ಅವಳಿಯನ್ನು ಒಯ್ಯಲು ಬಂದಳು. ಮಣ್ಣು ಕಲಸಿ ಕಲಸಿ ಪಳಗಿದ ಬೆರಳುಗಳಿಂದ ಆ ಎಲೆಯ ಪೊಟ್ಟಣವನ್ನು ಒಮ್ಮೆ ಅಮುಕಿ, ಇನ್ನೊಮ್ಮೆ ಅಮುಕಿ, ಬಾಗಿಲಲ್ಲೇ ನಿಂತಳು.

"ಮಗಳೇ, ಒಳಗಡೆ ಇದು ಯಾಕೆ ಜಾರ್ತಾ ಇದೆ?"

"ನೀರು, ಜಜ್ಜಾ. ತೊಳೆದಿದ್ದೀವಲ್ಲ."

"ಕೊಯ್ದಿಲ್ಲ ತಾನೆ?"

"ಅಂಚಿಂದ ಒಂದು ಕಾಳಿನಷ್ಟು ತೆಗೆದಿದ್ದೀವಿ, ಅಷ್ಟೆ. ನಡುವನ್ನ ಯಾರೂ ಮುಟ್ಟಿಲ್ಲ."

"ದೇವರ ಮುಂದೆ ಹೇಳ್ತಿದ್ದೀಯಾ?"

"ದೇವರ ಮುಂದೆ."

ಮುದುಕಿ ಪೊಟ್ಟಣವನ್ನು ಎಡಗೈಗೆ ದಾಟಿಸಿ, ಬಲಗೈಯನ್ನು ತಿಯೊಪಿಸ್ತಳ ನೆತ್ತಿಯ ಮೇಲಿಟ್ಟಳು. ಈ ಕೈ ತಣ್ಣಗಿರಲಿ, ಈ ಕೈ ಹಿಡಿದದ್ದೆಲ್ಲ ಬದುಕಲಿ ಎಂದು ಹರಸಿದಳು. ಅವಳು ಹೋದ ಮೇಲೆ ತಿಯೊಪಿಸ್ತ ಮೇಜನ್ನು ಒರೆಸಿದಳು, ಚೂರಿಯನ್ನು ತೊಳೆದಳು, ಮತ್ತೆ ತೊಳೆದಳು. ಸುಳ್ಳಾಣೆಯ ಭಯ ಅವಳಿಗಿತ್ತು. ಪಾದ್ರಿಗಳ ಮುಂದೆ ಅದನ್ನು ಒಪ್ಪಿಕೊಳ್ಳಬಹುದಾಗಿತ್ತು, ಆದರೆ ಅವಳು ಬೇರೊಂದು ಪ್ರಾಯಶ್ಚಿತ್ತವನ್ನು ಹುಡುಕಿಕೊಂಡಳು. ಆಡಿದ ಮಾತನ್ನು ಇನ್ನು ಮುಂದಾದರೂ ನಿಜ ಮಾಡುವೆನೆಂದುಕೊಂಡಳು. ಮರುದಿನದಿಂದ ಮಾಸನ್ನು ಪಟ್ಟಿಯಾಗಿ ಕೊಯ್ಯಲಿಲ್ಲ. ಬೇಕಾದಷ್ಟು ತುಣುಕುಗಳನ್ನು ಸುತ್ತಲಿನ ಅಂಚಿನಿಂದಲೇ ಚಿವುಟಿ ತೆಗೆದು, ನಡುವನ್ನು ಇಡಿಯಾಗಿ ಕಟ್ಟಿಕೊಟ್ಟಳು. ಒಂದೇ ಮಾಸು, ಒಂದೇ ಮಾಂಸ, ಎಲ್ಲಿಂದ ತೆಗೆದರೇನು ಎಂಬುದು ಅವಳ ಸಮಾಧಾನ.

ಮಾಂಸ ಒಂದೇ ಆಗಿರಲಿಲ್ಲ. ತಾಯಿಯ ರಕ್ತ ನಡುವಿನಲ್ಲಿ ತುಂಬಿ ಹರಿಯುತ್ತದೆ, ಅಂಚನ್ನು ತಲುಪುವಾಗ ಸೊರಗಿರುತ್ತದೆ. ಎಂಥ ಒಳ್ಳೆಯ ಮಾಸಿನ ಅಂಚಿನಲ್ಲೂ ಬೆರಳುಗಳು ಬಡವಾಗಿ, ಕಲೆಗಟ್ಟಿರುತ್ತವೆ. ಅದಕ್ಕಾಗಿಯೇ ಚೀಟಿಯೆತ್ತುವ ಕಟ್ಟಳೆ.

ಮುದುಕಿ ತನಗೆ ಸಿಕ್ಕ ಭರವಸೆಯನ್ನು ಮಡಿಲಲ್ಲಿ ಕಟ್ಟಿಕೊಂಡು ಕೂರುವವಳಲ್ಲ. ಗುಡ್ಡದ ಆಚೆಗೂ ಈಚೆಗೂ ನಡೆದು, ಮನೆಯಲ್ಲೇ ಹೆರುತ್ತಿದ್ದ ಹೆಂಗಸರಿಗೆ ಹೇಳಿದಳು. ಆ ಆಸ್ಪತ್ರೆಯಲ್ಲಿ ನಮ್ಮವಳೊಬ್ಬಳಿದ್ದಾಳೆ, ಅವಳಿಯನ್ನು ನೋಯಿಸುವವಳಲ್ಲ, ದೇವರ ಮುಂದೆ ಹೇಳಿದ್ದಾಳೆ, ಹೋಗಿ ಎಂದಳು. ಬಸುರಿಯರು ಬಂದರು. ಅವರ ಹಿಂದೆ ಮುದುಕಿಯೂ ಬಂದು, ಆಸ್ಪತ್ರೆಯ ಗೇಟಿನ ಪಕ್ಕದ ಹಲಸಿನ ಮರದಡಿಯಲ್ಲಿ ಚಾಪೆ ಹಾಸಿ ಮುಂಬ್ವ ಮಾರಲು ಕುಳಿತಳು. ತಿಯೊಪಿಸ್ತ ಗೇಟು ದಾಟುವಾಗಲೆಲ್ಲ ಹೆಂಗಸರು ಮುಸಾವೊ, ಮುಸಾವೊ ಎಂದು ಕೂಗುತ್ತಿದ್ದರು. ಅವಳು ಆ ದಿನಗಳಲ್ಲಿ ಬಹಳ ಸಂತೋಷವಾಗಿದ್ದಳು. ಅಂಥ ಸಂತೋಷ ಅವಳಿಗೆ ಹಿಂದೆ ಇರಲಿಲ್ಲ, ಮುಂದೆಯೂ ಬರಲಿಲ್ಲ.

ಕಂಪ್ಯೂಟರಿನ ಪರದೆಯ ಮೇಲೆ, ಆ ಸಂಖ್ಯೆಗಳನ್ನು ಸೇರಿಸಿ ಎಳೆದ ಕಿಯಿಂಬನ ಗೆರೆ ಆ ವರ್ಷವೆಲ್ಲ ಇಳಿಯುತ್ತ ಹೋಯಿತು. ಮಾತ್ರೆ ನುಂಗಿದವರ ಮಾಸೂ ಒಣಗಿತ್ತು, ನುಂಗದವರ ಮಾಸೂ ಒಣಗಿತ್ತು, ಆರೋಗ್ಯವಾಗಿ ಕೆನ್ನೆಯುಬ್ಬಿಸಿ ಅಳುತ್ತಿದ್ದ ಮಕ್ಕಳ ಮಾಸು ಕೂಡ ಒಣಗಿತ್ತು. ಅವನು ಬಣ್ಣದ ಸೀಸೆಗಳನ್ನು ಬದಲಾಯಿಸಿದನು, ಕ್ಯಾಮೆರಾ ಬಿಚ್ಚಿ ಒರೆಸಿದನು, ಹಳೆಯ ಗಾಜುಗಳನ್ನು ಮತ್ತೆ ಅಳೆದನು. ಹಳೆಯವು ಹಳೆಯ ಸಂಖ್ಯೆಯನ್ನೇ ಕೊಟ್ಟವು. ಕೊನೆಗೆ ತಿಯೊಪಿಸ್ತಳನ್ನು ಕರೆದು ಹೇಗೆ ಕೊಯ್ಯುತ್ತಿದ್ದೀಯೆಂದು ಕೇಳಿದನು. ಹೇಳಿಕೊಟ್ಟ ಹಾಗೆಯೇ ಎಂದಳು. ಅವಳ ಕೈಯ ಖ್ಯಾತಿ ಅಷ್ಟು ದೊಡ್ಡದಾಗಿದ್ದರಿಂದ ಅವನು ಮತ್ತೆ ಕೇಳಲಿಲ್ಲ. ಕಿಟಕಿಯ ಹತ್ತಿರ ಹೋಗಿ ಹೊರಗೆ ನೋಡುತ್ತ ನಿಂತನು.

"ಆ ಮುದುಕಿ ಅಲ್ಲಿ ಯಾವಾಗಿಂದ ಕೂತಿದ್ದಾಳೆ?"

ತಿಯೊಪಿಸ್ತ ಯೋಚಿಸದೆ ಉತ್ತರ ಕೊಟ್ಟಳು. ಪ್ರೊಸಿಯ ಹೆರಿಗೆಯಾದ ಮೇಲಿಂದ ಎಂದಳು. ಅದು ಸತ್ಯವಾಗಿತ್ತು.

ಕಿಯಿಂಬ ಪರದೆಯ ಗೆರೆಯನ್ನು ನೋಡಿದನು. ಗೆರೆ ಬಾಗಿದ್ದೂ ಅಲ್ಲಿಂದಲೇ. ಅವನು ಕೆಟ್ಟವನಲ್ಲ, ಮಕ್ಕಳು ಸಾಯಬಾರದೆಂಬ ಒಂದೇ ಹಂಬಲದವನು. ಎರಡು ಸಂಗತಿಗಳು ಒಟ್ಟಿಗೆ ತೊಡಗಿದ್ದು ಅವನಿಗೆ ಕಂಡಿತು. ಎರಡನ್ನೂ ಹೆತ್ತ ಮೂರನೆಯದು ಅವನ ಎದುರಿಗೇ ಬಿಳಿಯ ಅಂಗಿ ತೊಟ್ಟು ನಿಂತಿದ್ದರೂ ಕಾಣಲಿಲ್ಲ.

ಆ ಮಧ್ಯಾಹ್ನವೇ ಗೇಟಿನ ಕಾವಲುಗಾರನಿಗೆ ಅಪ್ಪಣೆಯಾಯಿತು. ಚಾಪೆಯನ್ನು ಎಳೆದು ಬಿಸಾಡಿದ ಕಾವಲುಗಾರ ಮುಂಬ್ವದ ಉಂಡೆಗಳನ್ನು ಬೂಟಿನಿಂದ ಒಂದೊಂದಾಗಿ ತುಳಿದು ಪುಡಿ ಮಾಡಿದನು. ಹೆರಿಗೆಯ ವಾರ್ಡಿನ ಮೆಟ್ಟಿಲ ಮೇಲೆ ಕುಳಿತ ನೆಂಟರು ನೋಡುತ್ತಿದ್ದರು.

"ಮಣ್ಣಿಂದ ಬಂದಿದ್ದು ಮಣ್ಣಿಗೆ ಸೇರ್ತು ಜಜ್ಜಾ, ಅದಕ್ಯಾಕೆ ಮುಖ ಹಾಗೆ ಮಾಡ್ತೀಯ?" ಎಂದು ಅವನು ಪಾದ್ರಿಗಳ ದನಿಯನ್ನು ಅಣಕಿಸಿದಾಗ ಕೆಲವರು ನಕ್ಕರು.

ಮುದುಕಿ ಅಳಲಿಲ್ಲ. ಪ್ರಯೋಗಾಲಯದ ಕಿಟಕಿಯತ್ತ ತಲೆಯೆತ್ತಿ ನೋಡಿದಳು. ಅಲ್ಲಿ ತನ್ನವಳೊಬ್ಬಳಿದ್ದಾಳೆ, ಈಗ ಇಳಿದು ಬರುತ್ತಾಳೆ ಎಂದು ನಂಬಿದ ನೋಟ ಅದು. ತಿಯೊಪಿಸ್ತ ಗೋಡೆಯ ಮರೆಗೆ ಒಂದು ಹೆಜ್ಜೆ ಸರಿದಳು.

ಒಪ್ಪಿಕೊಂಡರೆ ಕೆಲಸ ಹೋಗುತ್ತದೆ, ಮುಸಾವೊ ಎಂಬ ಹೆಸರು ಹೋಗುತ್ತದೆ. ಸುಮ್ಮನಿದ್ದರೆ ಮುದುಕಿಯ ಹೆಸರು ಹೋಗುತ್ತದೆ. ಎರಡನ್ನೂ ಉಳಿಸುವ ಒಂದು ಉಪಾಯ ಅವಳಿಗೆ ಹೊಳೆಯಿತು. ನಾಳೆಯಿಂದ ಮತ್ತೆ ಕಟ್ಟಳೆಯಂತೆ ಕೊಯ್ಯುತ್ತೇನೆ, ಸಂಖ್ಯೆ ತಾನಾಗಿ ಸರಿಹೋಗುತ್ತದೆ, ಆಗ ಡಾಕ್ಟರು ಏನೋ ಯಂತ್ರದ ದೋಷವಿದ್ದಿರಬೇಕೆಂದು ಮರೆಯುತ್ತಾನೆ, ಮುದುಕಿ ಮತ್ತೆ ಮರದಡಿಗೆ ಬರುತ್ತಾಳೆ ಎಂದುಕೊಂಡಳು. ಅವಳಿಗಳನ್ನು ಮತ್ತೆ ಕೊಯ್ಯಬೇಕಾಗುತ್ತದೆ, ನಿಜ. ಬಿಚ್ಚಿ ನೋಡುವವರು ಯಾರು?

ಹಾಗೆಯೇ ಮಾಡಿದಳು. ಪಟ್ಟಿ ಕೊಯ್ದಳು, ಚೀಟಿಯೆತ್ತಿದಳು, ಹಾಳೆ ಹಾಸಿದಳು. ಕೆಲವೇ ವಾರಗಳಲ್ಲಿ ಪರದೆಯ ಗೆರೆ ಮೇಲೇರಿ ಮೊದಲಿದ್ದ ಮಟ್ಟಕ್ಕೆ ಬಂದು ನಿಂತಿತು.

ಕಿಯಿಂಬ ಅವಳನ್ನು ಕೂಗಿ ಕರೆದನು. ಅವನ ಕಣ್ಣು ತುಂಬಿತ್ತು. ಮುದುಕಿ ಬಂದಾಗ ಗೆರೆ ಇಳಿದದ್ದನ್ನೂ, ಮುದುಕಿಯನ್ನು ಓಡಿಸಿದಾಗ ಗೆರೆ ಏರಿದ್ದನ್ನೂ ಪರದೆಯ ಮೇಲೆ ಬೆರಳಿಟ್ಟು ತೋರಿಸಿದನು. ಇದಕ್ಕಿಂತ ಸ್ಪಷ್ಟವಾದ ಪುರಾವೆಯನ್ನು ತಾನು ಇಡೀ ಜೀವಮಾನದಲ್ಲಿ ಕಂಡಿಲ್ಲವೆಂದನು. "ಮಣ್ಣು ಹೋಯ್ತು, ಮಾಸು ಬದುಕ್ತು. ನಿನ್ನ ಕೈ ಇಲ್ದೆ ಇದ್ರೆ ಇದು ಯಾರಿಗೂ ಗೊತ್ತಾಗ್ತಿರ್ಲಿಲ್ಲ ತಿಯೊಪಿಸ್ತ" ಎಂದು ಅವಳ ಎರಡೂ ಕೈಗಳನ್ನು ಹಿಡಿದು ಕುಲುಕಿದನು. ಅವಳು ಕೈ ಬಿಡಿಸಿಕೊಂಡು ತನ್ನ ಮೇಜಿಗೆ ಹಿಂತಿರುಗಿದಳು.

ಭಾನುವಾರದ ಪೂಜೆಯ ಕೊನೆಯಲ್ಲಿ ಪಾದ್ರಿಗಳು ಪ್ರಕಟಣೆ ಓದಿದರು. ಊರಿನ ರೇಡಿಯೋ ಎರಡು ಹಾಡುಗಳ ನಡುವೆ ಅದನ್ನೇ ಹೇಳಿತು. ಮುಂಬ್ವ ಮಗುವಿನ ಮಾಸನ್ನು ಒಣಗಿಸುತ್ತದೆ, ಇದು ಯಾರೋ ಕಣ್ಣಲ್ಲಿ ನೋಡಿ ಹೇಳಿದ್ದಲ್ಲ, ಗಣಿತ ಹೇಳಿದ್ದು ಎಂದಿತು. ಹೆಸರನ್ನು ಹೇಳಲಿಲ್ಲ. ಹೇಳುವ ಅಗತ್ಯವಿರಲಿಲ್ಲ, ಆ ಗುಡ್ಡದಲ್ಲಿ ಮುಂಬ್ವ ಮಾಡುವವಳು ಒಬ್ಬಳೇ.

ಮಗುವನ್ನು ಕಳೆದುಕೊಂಡ ಹೆಂಗಸರು ಯಾವ ಊರಿನಲ್ಲಿಲ್ಲ? ಅವರೆಲ್ಲ ಈ ತನಕ ಯಾರ ಮೇಲೆ ಸಿಟ್ಟಾಗಬೇಕೆಂದು ತಿಳಿಯದೆ ಕುಳಿತಿದ್ದರು. ಅವರು ನಬವೇಸಿಯ ಅಂಗಳಕ್ಕೆ ಹೋದರು. ಒರಳನ್ನು ಒಡೆದರು, ಒಣಹಾಕಿದ್ದ ಸೊಪ್ಪನ್ನು ಚೆಲ್ಲಾಡಿದರು. ಇಬ್ಬರು ಮುದುಕಿಯ ತೋಳುಗಳನ್ನು ಹಿಂದಕ್ಕೆ ಹಿಡಿದರು, ಮೂರನೆಯವಳು ಒಣಗಿದ ಮುಂಬ್ವದ ಉಂಡೆಯನ್ನು ಮುರಿದು ಅವಳ ಬಾಯಿಗೆ ತುರುಕಿದಳು. ಆ ಮೂರನೆಯವಳನ್ನು ಹೆರಿಗೆಗಾಗಿ ಆಸ್ಪತ್ರೆಗೆ ಕೈಹಿಡಿದು ಕರೆತಂದವಳು ಇದೇ ನಬವೇಸಿ.

"ತಿನ್ನು ಜಜ್ಜಾ. ನಮಗೆ ತಿನ್ನಿಸಿದ್ದನ್ನ ನೀನೂ ತಿನ್ನು. ರುಚಿ ನೋಡು."

ಉಸಿರು ಕಟ್ಟುವ ತನಕ ತಿನ್ನಿಸಿದರು. ಮುಂದಿನ ಹಲ್ಲು ಮುರಿದು, ತುಟಿ ಸೀಳಿ, ಮಣ್ಣೂ ರಕ್ತವೂ ಕಲೆತು ಗದ್ದದಿಂದ ಇಳಿದವು. ಪ್ರೊಸಿ ಆಸ್ಪತ್ರೆಗೆ ಓಡಿ ಬಂದು, ಜಜ್ಜಾಳ ಬಾಯಿ ತೊಳೆಯಲು ಔಷಧ ಬೇಡುತ್ತ, ನಡೆದದ್ದನ್ನೆಲ್ಲ ತಿಯೊಪಿಸ್ತಳಿಗೆ ಹೇಳಿದಳು. ತಿನ್ನಿಸುವಾಗಲೂ ಮುದುಕಿ ಮುಸಾವೊ ತಿಯೊಪಿಸ್ತಳನ್ನು ಕೇಳಿ, ಅವಳಿಗೆ ಗೊತ್ತು ಎನ್ನುತ್ತಿದ್ದಳಂತೆ.

ತಿಯೊಪಿಸ್ತ ಔಷಧ ಕೊಟ್ಟು ಕಳುಹಿಸಿ, ನೇರವಾಗಿ ಕಿಯಿಂಬನ ಕೋಣೆಗೆ ಹೋದಳು. ದೊಡ್ಡವರಿಗೆ ಹೇಳುವ ಹಾಗೆ ಸ್ಸೆಬೊ ಎಂದು ಅವನನ್ನು ಕರೆದಳು.

"ಸ್ಸೆಬೊ, ಮಣ್ಣಲ್ಲ. ನಾನು."

ಅಂಚಿನಿಂದ ಚಿವುಟಿದ್ದನ್ನೆಲ್ಲ ಹೇಳಿದಳು. ಅವನು ನಂಬಲೂ ಇಲ್ಲ, ಬೈಯಲೂ ಇಲ್ಲ. ಆ ದಿನ ಬಂದ ಒಂದು ಮಾಸನ್ನು ತರಿಸಿದನು. ಮೊದಲು ಅಂಚಿನಿಂದ ಚಿವುಟಿಸಿದನು, ಆಮೇಲೆ ಪಟ್ಟಿ ಕೊಯ್ಯಿಸಿ ಚೀಟಿಯಂತೆ ತೆಗೆಸಿದನು. ಅವಳು ಎರಡನ್ನೂ ಮೇಣದಲ್ಲಿ ಕೂರಿಸಿ, ಸವರಿ, ಬಣ್ಣ ಹಾಕಿ ತರುವ ತನಕ ಪಕ್ಕದಲ್ಲೇ ಕಾದನು. ಕಂಪ್ಯೂಟರು ಒಂದೇ ಮಗುವಿನ ಮಾಸಿಗೆ ಎರಡು ಸಂಖ್ಯೆ ಕೊಟ್ಟಿತು. ಒಂದು ಸಂಖ್ಯೆಯ ಪ್ರಕಾರ ಆ ಮಗು ಆರೋಗ್ಯವಾಗಿ ಹುಟ್ಟಿತ್ತು, ಇನ್ನೊಂದರ ಪ್ರಕಾರ ಅದು ಹುಟ್ಟುವ ಮೊದಲೇ ಸಾಯಬೇಕಾಗಿತ್ತು. ಎರಡರ ನಡುವಿನ ಅಂತರ, ಪರದೆಯ ಗೆರೆ ಇಳಿದಿದ್ದ ಆಳಕ್ಕೆ ಸರಿಯಾಗಿ ಹೊಂದಿತು.

"ಅಷ್ಟು ಹೆಂಗಸರು, ಅಷ್ಟು ದಿನದ ಕೆಲಸ" ಎಂದನು ಕಿಯಿಂಬ. ದನಿ ಮೆತ್ತಗಿತ್ತು. "ಎಲ್ಲಾನೂ ಬಾಳೆಗಿಡಕ್ಕೆ ಗೊಬ್ಬರ ಮಾಡ್ದೆ. ನಿನಗೆ ಚೂರಿ ಕೊಟ್ಟ ನಾನೇ ದಡ್ಡ."

ಅವಳು ಒಂದನ್ನೇ ಬೇಡಿಕೊಂಡಳು. ಮುಂಬ್ವದಲ್ಲಿ ದೋಷವಿಲ್ಲವೆಂದಷ್ಟೇ ಹೇಳಿಬಿಡಿ, ಯಾಕೆಂದು ಹೇಳಬೇಡಿ, ಕೊಯ್ಯುವ ಮಾತನ್ನು ಎತ್ತಲೇಬೇಡಿ, ನನ್ನನ್ನು ಏನು ಬೇಕಾದರೂ ಮಾಡಿ ಎಂದಳು. ಅವನಿಗೆ ಆ ಬೇಡಿಕೆ ಅರ್ಥವೇ ಆಗಲಿಲ್ಲ. ಕಾರಣ ಕೊಡದೆ ಮಾತು ಹಿಂದಕ್ಕೆ ತೆಗೆದುಕೊಂಡರೆ ಜನ ತನ್ನನ್ನು ಸುಳ್ಳುಗಾರನೆನ್ನುತ್ತಾರೆ, ಸುಳ್ಳುಗಾರರ ಸಾಲಿನಲ್ಲಿ ಅವಳ ಪಕ್ಕ ನಿಲ್ಲಲು ತಾನು ಸಿದ್ಧನಿಲ್ಲ ಎಂದನು. ಅವನ ಪ್ರಾಮಾಣಿಕತೆಯಲ್ಲಿ ಒಂದು ಕೂದಲಿನಷ್ಟೂ ಬಿರುಕಿರಲಿಲ್ಲ, ಅದೇ ಅವಳ ದುರದೃಷ್ಟ.

ಮುಂದಿನ ಭಾನುವಾರ ಪೂಜೆ ಮುಗಿದ ಮೇಲೆ ಚರ್ಚಿನ ಅಂಗಳದ ಮಾವಿನ ನೆರಳಿನಲ್ಲಿ ಜನ ಸೇರಿದರು. ನಬವೇಸಿಯನ್ನು ಮುಂದಿನ ಚಾಪೆಯಲ್ಲಿ ಕೂರಿಸಲಾಗಿತ್ತು. ತುಟಿ ಇನ್ನೂ ಊದಿತ್ತು. ಕಿಸಾಕ್ಯೆ ಅವಳ ತೊಡೆಯ ಮೇಲಿತ್ತು. ಓರಗೆಯ ಮಕ್ಕಳೆಲ್ಲ ಅಂಗಳದಲ್ಲಿ ಓಡಾಡುತ್ತಿದ್ದರೂ ಆ ಮಗು ಇನ್ನೂ ಕಾಲೂರಿ ನಿಂತಿರಲಿಲ್ಲ.

ಕಿಯಿಂಬ ಒಳ್ಳೆಯ ಉಪಾಧ್ಯಾಯ. ಜನಕ್ಕೆ ತಿಳಿಯುವ ಹಾಗೆ ಹೇಳಬೇಕೆಂದು ಅಂಗಡಿಯಿಂದ ಒಂದು ಇಡೀ ಬ್ರೆಡ್ಡನ್ನೂ ಒಂದು ಚೂರಿಯನ್ನೂ ತಂದಿದ್ದನು. ಮೊದಲು ಮುದುಕಿಯ ಕಡೆ ತಿರುಗಿ, ತಲೆ ಬಾಗಿಸಿ, ತಪ್ಪಾಯಿತೆಂದು ಎಲ್ಲರಿಗೂ ಕೇಳುವಂತೆ ಹೇಳಿದನು. ಗಂಡಸರು ಹೌದೌದೆಂದು ಗೊಣಗಿದರು, ಮುದುಕಿಯ ಬಾಯಿಗೆ ಮಣ್ಣು ತುರುಕಿದವಳು ಮುಖಕ್ಕೆ ಸೆರಗು ಮುಚ್ಚಿಕೊಂಡಳು. ತಪ್ಪು ಹೇಗಾಯಿತು ಎಂಬುದನ್ನು ತೋರಿಸಲು ಅವನು ಬ್ರೆಡ್ಡನ್ನು ಮೇಜಿನ ಮೇಲಿಟ್ಟನು.

"ಇದು ಮಾಸು ಅಂದ್ಕೊಳ್ಳಿ. ಇದನ್ನ ಹೀಗೆ, ಪೂರ್ತಿ, ಈ ಕಡೆಯಿಂದ ಆ ಕಡೆವರೆಗೆ ಕೊಯ್ಯಬೇಕು" ಎಂದು ಪಟ್ಟಿ ಪಟ್ಟಿಯಾಗಿ ಕೊಯ್ದು ಹರಡಿದನು. "ಆಮೇಲೆ ಎಲ್ಲಾ ಕಡೆಯಿಂದ್ಲೂ ತೆಗೀಬೇಕು. ಇವಳು ಹಾಗೆ ಮಾಡಲಿಲ್ಲ. ಬರೀ ಅಂಚು ಚಿವುಟಿದ್ಲು."

ಹೆಂಗಸರ ಕಣ್ಣೆಲ್ಲ ಆ ಬ್ರೆಡ್ಡಿನ ಮೇಲೆ ನೆಟ್ಟಿತ್ತು. ಮೇಜಿನ ಮೇಲೆ ಅದು ತೆಳುವಾದ ಪಟ್ಟಿಗಳಾಗಿ ಒಂದರ ಮೇಲೊಂದು ವಾಲಿ ಮಲಗಿತ್ತು. ಹಿಂದಿನ ಸಾಲಿನಲ್ಲಿ ಮಗುವನ್ನು ಬೆನ್ನಿಗೆ ಕಟ್ಟಿಕೊಂಡಿದ್ದ ಒಬ್ಬಳು ಕೇಳಿದಳು:

"ಅದಕ್ಕೆ ಮೊದಲು ಹುಟ್ಟಿದವರದು?"

"ಮೊದಲು ಸರಿಯಾಗೇ ಕೊಯ್ದಿದ್ದಾಳೆ" ಎಂದನು ಕಿಯಿಂಬ. ಆ ಭಾಗದ ಕೆಲಸವಾದರೂ ಉಳಿಯಿತಲ್ಲ ಎಂಬ ನೆಮ್ಮದಿ ಅವನ ದನಿಯಲ್ಲಿತ್ತು.

"ಈಗ, ಈ ತಿಂಗಳು ಹುಟ್ಟಿದವರದು?"

"ಈಗಲೂ ಸರಿಯಾಗೇ. ನೀವೆಲ್ಲ ಕಾಗದಕ್ಕೆ ಒತ್ತಿದ್ದೀರಲ್ಲ, ಅದರಲ್ಲೇ ಇತ್ತು."

ನಬವೇಸಿ ಕಿಯಿಂಬನನ್ನು ನೋಡಲಿಲ್ಲ. ಮೇಜಿನ ಪಕ್ಕದಲ್ಲಿ ತಲೆ ತಗ್ಗಿಸಿ ನಿಂತವಳನ್ನು ನೋಡಿದಳು. ಮುರಿದ ಹಲ್ಲಿನ ಸಂದಿನಿಂದ ಮಾತು ಸೀಟಿಯಂತೆ ಹೊರಟಿತು.

"ಮಗಳೇ, ನಮ್ಮ ಕಿಸಾಕ್ಯೆದು?"

ಇಲ್ಲವೆನ್ನಲು ಅವಕಾಶವಿತ್ತು. ಆ ಮಗುವಿನ ಮಾಸನ್ನು ಹೇಗೆ ಕೊಯ್ದಳೆಂದು ಅವಳ ಹೊರತು ಬೇರೆಯವರಿಗೆ ಗೊತ್ತಿರಲಿಲ್ಲ. ಮುದುಕಿಯೂ ಇಲ್ಲವೆಂಬ ಮಾತನ್ನೇ ಕಾಯುತ್ತಿದ್ದಳು, ನಂಬಲು ಸಿದ್ಧಳಾಗಿದ್ದಳು. ಆದರೆ ದೇವರ ಮುಂದೆ ಎಂದು ಆಣೆಯಿಟ್ಟದ್ದು ತಿಯೊಪಿಸ್ತಳಿಗೆ ಅಡ್ಡ ಬಂದಿತು.

"ಕೊಯ್ದಿದ್ದೆ ಜಜ್ಜಾ. ನೀವು ಬಾಗಿಲಿಗೆ ಬರೋಕೆ ಮೊದಲೇ ಕೊಯ್ದಾಗಿತ್ತು."

ಮುದುಕಿ ಮಗುವಿನ ಅಂಗಾಲುಗಳನ್ನು ಎರಡೂ ಕೈಗಳಲ್ಲಿ ಹಿಡಿದುಕೊಂಡಳು. ಅವಳ ಸುತ್ತ ಒಬ್ಬೊಬ್ಬ ಹೆಂಗಸೂ ತನ್ನ ತನ್ನ ಮಗುವನ್ನು ತಡವಿ ನೋಡಿಕೊಂಡಳು. ಒಂದಕ್ಕೆ ಕೆಮ್ಮು ಬಿಟ್ಟಿರಲಿಲ್ಲ, ಒಂದು ನಿದ್ದೆಯಲ್ಲಿ ಬೆಚ್ಚುತ್ತಿತ್ತು, ಒಂದಕ್ಕೆ ಮಾತು ಬಂದಿರಲಿಲ್ಲ. ಅದಕ್ಕೆಲ್ಲ ಕಾರಣ ಆ ಮೇಜಿನ ಮೇಲೆ ಹರಡಿಕೊಂಡು ಬಿದ್ದಿತ್ತು.

ಆಮೇಲಿನದನ್ನು ಬೇಗ ಹೇಳಬಹುದು. ಕಟ್ಟಳೆ ಮುರಿದವಳೆಂದು ಆಸ್ಪತ್ರೆ ತಿಯೊಪಿಸ್ತಳನ್ನು ಹೊರಗೆ ಹಾಕಿತು. ಬಸುರಿಯರು ಮತ್ತೆ ಮನೆಯಲ್ಲೇ ಹೆರತೊಡಗಿದರು, ಮಾತ್ರೆಯ ಪರೀಕ್ಷೆ ಅರ್ಧಕ್ಕೆ ನಿಂತಿತು, ಆ ಮಳೆಗಾಲದ ಮಲೇರಿಯಾ ತನ್ನ ಪಾಲನ್ನು ತೆಗೆದುಕೊಂಡಿತು. ಕಿಯಿಂಬ ಕಂಪಾಲಕ್ಕೆ ಹಿಂತಿರುಗಿ, ತುಣುಕು ತೆಗೆದ ಜಾಗದಿಂದ ಅಳತೆ ಹೇಗೆ ಮೋಸಹೋಗುತ್ತದೆ ಎಂಬುದನ್ನು ಕುರಿತು ಬರೆದನು, ಅದನ್ನು ಓದಿದವರು ತುಂಬ ಮೆಚ್ಚಿಕೊಂಡರಂತೆ. ಮುದುಕಿಯ ಬಾಯಿಗೆ ಮಣ್ಣು ತುರುಕಿದವಳು ಒಂದು ಕೋಳಿ ಹಿಡಿದುಕೊಂಡು ಅವಳ ಅಂಗಳಕ್ಕೆ ಹೋಗಿ ಅತ್ತಳು. ನಬವೇಸಿ ಕೋಳಿಯನ್ನು ತೆಗೆದುಕೊಂಡಳು, ಅವಳಿಗೆ ಬೇಯಿಸಿದ ಬಾಳೆಕಾಯಿಯ ಮಟೋಕೆ ಬಡಿಸಿದಳು. ಅವಳನ್ನೂ ತೋಳು ಹಿಡಿದಿದ್ದ ಇಬ್ಬರನ್ನೂ ಕ್ಷಮಿಸಿದಳು, ಕಾವಲುಗಾರನನ್ನೂ ಕ್ಷಮಿಸಿದಳು. ಜನ ಮತ್ತೆ ಮುಂಬ್ವ ಕೊಳ್ಳುತ್ತಿದ್ದರು.

ತಿಯೊಪಿಸ್ತ ಅಣ್ಣನ ಕಾಫಿತೋಟದಲ್ಲಿ ಕಳೆ ಕೀಳುತ್ತ ಉಳಿದಳು. ಎಲ್ಲರಿಗೂ ಸಿಕ್ಕ ಕ್ಷಮೆ ತನಗೂ ಸಿಕ್ಕೀತು, ತನ್ನ ಮಾತಿನಿಂದಲೇ ತಾನೆ ಅವಳ ಹೆಸರು ಉಳಿದದ್ದು ಎಂದು ಅವಳಿಗೆ ಆಸೆ. ಒಂದು ಸಂಜೆ ನಬವೇಸಿಯ ಅಂಗಳಕ್ಕೆ ಹೋಗಿ, ಆ ಕಡೆಯ ಹೆಣ್ಣುಮಕ್ಕಳು ಹಿರಿಯರ ಮುಂದೆ ಮಾಡುವಂತೆ ಮಂಡಿಯೂರಿ, ದಿನವನ್ನು ಹೇಗೆ ಕಳೆದಿರಿ ಜಜ್ಜಾ ಎಂದು ವಂದಿಸಿದಳು. ಹಿರಿಯರು ಉತ್ತರ ಕೊಡಬೇಕು, ಉತ್ತರ ಬಂದ ಮೇಲೆ ಏಳಬೇಕು. ಶತ್ರುವಿಗೂ ಆ ಉತ್ತರವನ್ನು ಯಾರೂ ತಪ್ಪಿಸುವುದಿಲ್ಲ.

ಮುದುಕಿ ಮಣ್ಣು ಹೊಸೆಯುತ್ತಿದ್ದಳು. ತಲೆಯೆತ್ತಲಿಲ್ಲ. ಪ್ರೊಸಿ ಒಲೆಯ ಹತ್ತಿರದಿಂದ ಒಮ್ಮೆ ನೋಡಿ ಮುಖ ತಿರುಗಿಸಿಕೊಂಡಳು. ತಿಯೊಪಿಸ್ತ ಮತ್ತೊಮ್ಮೆ ವಂದಿಸಿದಳು, ಇನ್ನೂ ಸ್ವಲ್ಪ ಗಟ್ಟಿಯಾಗಿ. ಅಂಗಳದಲ್ಲಿ ಕೋಳಿಗಳು ಕೆದಕುತ್ತಿದ್ದವು.

ಕಿಸಾಕ್ಯೆ ಚಾಪೆಯಿಂದ ಅಂಬೆಗಾಲಿಟ್ಟು ಬಂದಿತು. ಮಂಡಿಯೂರಿದವಳ ಎತ್ತರ ಅದಕ್ಕೆ ಅನುಕೂಲವಾಗಿತ್ತು. ಅವಳ ತೋಳನ್ನು ಹಿಡಿಯಿತು, ಭುಜವನ್ನು ಹಿಡಿಯಿತು, ಏದುಸಿರು ಬಿಡುತ್ತ ತನ್ನ ಎರಡು ಕಾಲುಗಳ ಮೇಲೆ ಮೊದಲ ಸಲ ಎದ್ದು ನಿಂತು, ಎಲ್ಲರೂ ನೋಡಲೆಂದು ಹಿಂದಕ್ಕೆ ತಿರುಗಿ ನಕ್ಕಿತು. ತಿಯೊಪಿಸ್ತ ಅಲುಗಾಡಲಿಲ್ಲ, ಉಸಿರನ್ನು ಕೂಡ ಬಿಗಿಹಿಡಿದಳು.

ಮುದುಕಿ ಎದ್ದು ಬಂದಳು. ಮಗುವಿನ ಬೆರಳುಗಳನ್ನು ಆ ಭುಜದಿಂದ ಒಂದೊಂದಾಗಿ ಬಿಡಿಸಿ ಅದನ್ನು ಎತ್ತಿಕೊಂಡಳು. ಅದು ಚೀರಿ ಅಳುತ್ತಿದ್ದರೂ ಕೊಡದ ಹತ್ತಿರ ಒಯ್ದು, ಅದರ ಎರಡೂ ಅಂಗೈಗಳಿಗೆ ನೀರು ಸುರಿದು, ಬಾಳೆಯ ಎಲೆಯಿಂದ ಉಜ್ಜಿ ಉಜ್ಜಿ ತೊಳೆದಳು. ಆಮೇಲೆ ಒಳಗೆ ಹೋಗಿ ಬಾಗಿಲನ್ನು ಎಳೆದುಕೊಂಡಳು. ಪ್ರೊಸಿಯೂ ಒಲೆಯ ಮೇಲಿನ ಪಾತ್ರೆಯನ್ನು ಇಳಿಸಿಕೊಂಡು ಅವಳ ಹಿಂದೆ ಹೋದಳು. ಉತ್ತರ ಬರದೆ ಏಳುವುದು ಹೇಗೆಂದು ತಿಯೊಪಿಸ್ತಳಿಗೆ ಯಾರೂ ಕಲಿಸಿರಲಿಲ್ಲ. ಅಂಗಳದ ಕೋಳಿಗಳು ಗೂಡು ಸೇರಿದ ಮೇಲೂ ಅವಳು ಅಲ್ಲಿಯೇ ಇದ್ದಳು.